ಒದ್ದೆ ಗಾಳಿಗೆ ಯಾವ ಯಂತ್ರ, ಧೂಳಿಗೆ ಯಾವುದು?

ಪ್ರಶ್ನೆ: ಮಳೆಗಾಲ ಬಂತೆಂದರೆ ಮಲಗುವ ಕೋಣೆಯ ಬೀರುವಿನಲ್ಲಿ ಮುಗ್ಗಲು ವಾಸನೆ, ಚರ್ಮದ ಬೆಲ್ಟು-ಚೀಲಗಳ ಮೇಲೆ ಬಿಳಿ ಬೂಷ್ಟು. ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು. ಸದ್ಯ ಒಂದೇ ಯಂತ್ರ ಕೊಳ್ಳಬಲ್ಲೆವು. ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ತರಲೋ, ಗಾಳಿಯ ಧೂಳು ಶೋಧಿಸುವ ಏರ್ ಪ್ಯೂರಿಫೈಯರ್ ತರಲೋ?

ಉತ್ತರ: ನಿಮ್ಮ ಮನೆಗೆ ಮೊದಲು ಬೇಕಾಗಿರುವುದು ಡಿಹ್ಯೂಮಿಡಿಫೈಯರ್ ಎಂದೇ ತೋರುತ್ತದೆ. ಆದರೂ ಅದಕ್ಕೂ ಮುಂಚೆ ತೇವಾಂಶ ಅಳೆಯುವ ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ತನ್ನಿ. ನಾಲ್ಕೈದು ದಿನ ಬೆಳಿಗ್ಗೆ ಮತ್ತು ರಾತ್ರಿ ಕೋಣೆಯ ತೇವಾಂಶ ಬರೆದಿಡಿ. ಒಂದು ದಿನ ಅದನ್ನು ಬೀರುವಿನೊಳಗೂ ಇಟ್ಟು ನೋಡಿ. ಶೇಕಡಾ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. 60 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ದಾರಿ ಮಾಡಿಕೊಟ್ಟಂತೆ. ಹಾಸಿಗೆ, ದಿಂಬುಗಳಲ್ಲಿ ವಾಸಿಸುವ ಡಸ್ಟ್ ಮೈಟ್ ಎಂಬ ಕಣ್ಣಿಗೆ ಕಾಣದ ಜೀವಿಗಳಿಗೂ ತೇವಾಂಶ ಬೇಕು. ಬೆಳಗಿನ ಸೀನಿಗೆ ಅವು ಕಾರಣವಾಗಿರುವುದು ಸಾಮಾನ್ಯ.

ಪ್ಯೂರಿಫೈಯರ್ ಒಂದು ಹನಿ ನೀರನ್ನೂ ತೆಗೆಯುವುದಿಲ್ಲ. ಗಾಳಿಯಲ್ಲಿ ಹಾರಾಡುವ ಬೂಷ್ಟಿನ ಕಣಗಳನ್ನು ಹಿಡಿಯುತ್ತದೆ, ನಿಜ. ಬೆಲ್ಟಿನ ಮೇಲಿನ ಬೂಷ್ಟು ಮಾತ್ರ ಬೆಳೆಯುತ್ತಲೇ ಇರುತ್ತದೆ. ಡಿಹ್ಯೂಮಿಡಿಫೈಯರಿಗೆ ಇರುವುದು ಬರೀ ಒಂದು ಜಾಲರಿ, ಅದು ಹತ್ತಿಯ ಎಳೆ, ಕೂದಲು ತಡೆದರೆ ಹೆಚ್ಚು. ಸೂಕ್ಷ್ಮ ಧೂಳು, ಹೊಗೆ, ಪರಾಗ ಅದರ ಕೆಲಸವಲ್ಲ.

ಗೋಡೆಯನ್ನೂ ಒಮ್ಮೆ ಪರೀಕ್ಷಿಸಿ. ಒದ್ದೆ ಕಾಣುವ ಜಾಗದಲ್ಲಿ ಅಂಗೈ ಅಗಲದ ಅಲ್ಯೂಮಿನಿಯಂ ಫಾಯಿಲನ್ನು ನಾಲ್ಕೂ ಬದಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಕೋಣೆಯ ಕಡೆ ಹನಿಗಟ್ಟಿದ್ದರೆ ಗಾಳಿಯ ತೇವ. ಫಾಯಿಲಿನ ಹಿಂಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನಿಂದಲೇ ಜಿನುಗುತ್ತಿದೆ. ಆಗ ಪೈಪು, ತಾರಸಿ, ತಳಪಾಯ ನೋಡಿಸಬೇಕು. ಸೋರುವ ಗೋಡೆಯ ಮುಂದೆ ಡಿಹ್ಯೂಮಿಡಿಫೈಯರ್ ಇಡುವುದು ವಿದ್ಯುತ್ ಬಿಲ್ಲಿಗೆ ಮಾತ್ರ ಪ್ರಯೋಜನ.

ಕೊಳ್ಳುವಾಗ ‘ದಿನಕ್ಕೆ 20 ಲೀಟರ್’ ಎಂಬಂಥ ಅಂಕಿ ನೋಡಿ ಮರುಳಾಗಬೇಡಿ. ಹಲವು ತಯಾರಕರು ಅದನ್ನು ಅಳೆಯುವುದು 30 ಡಿಗ್ರಿ ಸೆಲ್ಸಿಯಸ್, ಶೇಕಡಾ 80 ತೇವಾಂಶದಲ್ಲಿ. ಮನೆಯ ತೇವಾಂಶ 60ಕ್ಕೆ ಇಳಿದ ಮೇಲೆ ಅದರ ಅರ್ಧವೂ ಬಾರದೇ ಇರಬಹುದು. ಅಂಗೈ ಮೇಲೆ ಕೂರುವಂಥ, ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಯಂತ್ರಗಳು ದಿನಕ್ಕೆ ಕೆಲವು ನೂರು ಮಿಲಿಲೀಟರ್ ನೀರಷ್ಟೇ ಹಿಡಿಯುತ್ತವೆ. ಬೀರುವಿಗೆ ಸರಿ, ಕೋಣೆಗೆ ಸಾಲದು. ಕೋಣೆಗೆ ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇರುವುದೇ ಬೇಕು. ಕೋಣೆಯ ಉಷ್ಣತೆ ಬಹುಕಾಲ 15 ಡಿಗ್ರಿಗಿಂತ ಕೆಳಗಿರುವುದಾದರೆ ಮಾತ್ರ ಡೆಸಿಕೆಂಟ್ (ತೇವ ಹೀರುವ ವಸ್ತು ತುಂಬಿದ) ಬಗೆಯದು ಮೇಲು.

ಬಳಸುವಾಗ ಕಿಟಕಿ-ಬಾಗಿಲು ಮುಚ್ಚಿ, ಬೀರುವಿನ ಬಾಗಿಲು ತೆರೆದಿಡಿ. ಗೋಡೆಯಿಂದ ಒಂದಡಿ ದೂರವಿರಲಿ. 50ರಿಂದ 55ಕ್ಕೆ ಸೆಟ್ ಮಾಡಿದರೆ ಸಾಕು, 40ಕ್ಕೆ ಇಳಿಸುವ ಹಟ ಬೇಡ. ಕೋಣೆ ಸ್ವಲ್ಪ ಬಿಸಿಯಾಗುವುದು ಸಹಜ: ಒಂದು ಲೀಟರ್ ನೀರು ಹಿಡಿದರೆ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಬೀಳುತ್ತದೆ, ಯಂತ್ರ ಉಣ್ಣುವ ವಿದ್ಯುತ್ತಿನ ಶಾಖ ಬೇರೆ.

ಈಗಾಗಲೇ ಹಿಡಿದ ಬೂಷ್ಟು ತೇವ ಇಳಿದ ಮಾತ್ರಕ್ಕೆ ಮಾಯವಾಗುವುದಿಲ್ಲ. ಮಾಸ್ಕ್ ಹಾಕಿಕೊಂಡು, ವಸ್ತುಗಳನ್ನು ಹೊರಗೆ ಒಯ್ದು, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಒಣ ಬ್ರಷ್ಷಿನಿಂದ ಉಜ್ಜಿದರೆ ಕಣಗಳೆಲ್ಲ ಗಾಳಿಗೆ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಇಷ್ಟಾಗಿ ತೇವಾಂಶ 50ರ ಆಸುಪಾಸಿಗೆ ಬಂದ ಮೇಲೂ ಸೀನು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ, ಪ್ಯೂರಿಫೈಯರ್ ಮಾತು ಆಮೇಲೆ.

ಪ್ರಶ್ನೆ: ಪ್ಯೂರಿಫೈಯರಿನ ದೀಪ ಸದಾ ಹಸಿರು. ಆದರೆ ಹೊಸ ಬಣ್ಣ ಮತ್ತು ಪ್ಲೈವುಡ್ಡಿನ ವಾಸನೆ ಹೋಗಿಯೇ ಇಲ್ಲ. ಯಂತ್ರ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಾರದು. ಹೆಚ್ಚಿನ ಯಂತ್ರಗಳ ಸೆನ್ಸರ್ ಎಣಿಸುವುದು ಧೂಳಿನ ಕಣಗಳನ್ನು; ವಾಸನೆ ಅನಿಲ, ಅದು ಸೆನ್ಸರಿನ ಕಣ್ಣಿಗೆ ಬೀಳುವುದಿಲ್ಲ, ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರಿಗೆ ಸಿಗುವುದೂ ಇಲ್ಲ. ಅನಿಲ ಹಿಡಿಯುವುದು ಆಕ್ಟಿವೇಟೆಡ್ ಕಾರ್ಬನ್ ಎಂಬ ಸಂಸ್ಕರಿಸಿದ ಇದ್ದಿಲು, ಅದೂ ಸಾಕಷ್ಟು ತೂಕ ಇದ್ದರೆ ಮಾತ್ರ. ಜಾಲರಿಗೆ ಕಪ್ಪು ಪುಡಿ ಲೇಪಿಸಿದಂಥದ್ದು ಬೇಗ ತುಂಬಿಹೋಗುತ್ತದೆ. ಹೊಸ ಬಣ್ಣಕ್ಕೆ ಎದುರುಬದುರು ಕಿಟಕಿ ತೆರೆಯುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಒಮ್ಮೆ ಹಿಂಬದಿ ಮುಚ್ಚಳ ತೆಗೆದು ಫಿಲ್ಟರನ್ನೂ ನೋಡಿ. ಹೊಸದರಲ್ಲಿ ಅದು ಪ್ಲಾಸ್ಟಿಕ್ ಕವರಿನೊಳಗೇ ಇರುತ್ತದೆ, ಆ ಕವರು ಬಿಚ್ಚದೆ ತಿಂಗಳುಗಟ್ಟಲೆ ಓಡಿಸುವವರು ಕಡಿಮೆಯೇನಿಲ್ಲ. ಹೊರಗಿನ ಪ್ರಿ-ಫಿಲ್ಟರ್ ತೊಳೆಯಬಹುದು, ಹೆಪಾಗೆ ನೀರು ತಾಗಿಸಬಾರದು. ಸಾಮರ್ಥ್ಯದ ಲೆಕ್ಕವೂ ಸುಲಭ. 12 ಅಡಿ, 10 ಅಡಿ, ಎತ್ತರ 10 ಅಡಿಯ ಕೋಣೆಯ ಗಾಳಿ ಸುಮಾರು 34 ಘನ ಮೀಟರ್. ಗಂಟೆಗೆ ಐದು ಸಲ ಶೋಧಿಸಲು 170 ಘನ ಮೀಟರ್ ಬೇಕು. ಡಬ್ಬದ ಮೇಲಿನ ಸಿಎಡಿಆರ್ (ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎಂಬ) ಅಂಕಿ ಇದಕ್ಕಿಂತ ಹೆಚ್ಚೇ ಇರಲಿ, ಏಕೆಂದರೆ ಅದು ಅತಿ ವೇಗದಲ್ಲಿ ಅಳೆದದ್ದು. ರಾತ್ರಿಯ ಮೆಲುವೇಗದಲ್ಲಿ ಬಹಳ ಇಳಿಯುತ್ತದೆ. ಓಝೋನ್ ಬಿಡುವ ಬಟನ್ ಇದ್ದರೆ ಆಫ್ ಮಾಡಿಯೇ ಇಡಿ, ಅದು ಶ್ವಾಸಕೋಶಕ್ಕೆ ಕೆಡುಕು.

ಪ್ರಶ್ನೆ: ಎಸಿಯಲ್ಲಿ ತೇವ ಇಳಿಸುವ ಡ್ರೈ ಮೋಡ್ ಇದ್ದರೆ ಡಿಹ್ಯೂಮಿಡಿಫೈಯರ್ ಬೇಕೇ?

ಉತ್ತರ: ಸೆಕೆಯ ದಿನಗಳಲ್ಲಿ ಬೇಡ. ತಂಪು ಮಳೆಯ ದಿನ ಮಾತ್ರ ತೇವ ಸಾಕಷ್ಟು ಇಳಿಯುವ ಮುಂಚೆಯೇ ಕೋಣೆ ಕೊರೆಯತೊಡಗುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಆಮೇಲೂ ಫ್ಯಾನ್ ತಿರುಗುತ್ತಿದ್ದರೆ ಕಾಯಿಲಿನ (ಗಾಳಿ ತಣಿಸುವ ಕೊಳವೆಗಳ) ಮೇಲಿನ ನೀರು ಆವಿಯಾಗಿ ಕೋಣೆಗೇ ವಾಪಸು.

ಪ್ರಶ್ನೆ: ನಮ್ಮ ಡಿಹ್ಯೂಮಿಡಿಫೈಯರಿನ ಟ್ಯಾಂಕ್ ಮೊದಲು ಸಂಜೆಯೊಳಗೆ ತುಂಬುತ್ತಿತ್ತು, ಈಗ ಅರ್ಧವೂ ಇಲ್ಲ.

ಉತ್ತರ: ಮೊದಲು ಹೈಗ್ರೋಮೀಟರ್ ನೋಡಿ. 50-55 ತೋರಿಸುತ್ತಿದ್ದರೆ ಕೋಣೆ ಒಣಗಿದೆ, ಅಷ್ಟೇ. 70ರ ಮೇಲಿದ್ದೂ ನೀರು ಬಾರದಿದ್ದರೆ ಜಾಲರಿ ತೊಳೆಯಿರಿ; ಎರಡು ವಾರಕ್ಕೊಮ್ಮೆ ಮಾಡಬೇಕಾದ ಕೆಲಸವಿದು. ಟ್ಯಾಂಕ್ ಸರಿಯಾಗಿ ಕೂತಿದೆಯೇ, ಅದರೊಳಗಿನ ತೇಲುಬೆಂಡು ಸಿಕ್ಕಿಕೊಂಡಿದೆಯೇ ನೋಡಿ. ಆಮೇಲೆ ಟಾರ್ಚ್ ಬಿಟ್ಟು ಕಾಯಿಲ್ ಗಮನಿಸಿ. ಮಂಜುಗಡ್ಡೆ ಕಟ್ಟಿದ್ದರೆ ಆಫ್ ಮಾಡಿ ಕರಗಲು ಬಿಡಿ, ಚೂಪಾದ ವಸ್ತುವಿನಿಂದ ಕೆರೆಯಬೇಡಿ. ಚಳಿಯ ಕೋಣೆಯಲ್ಲಿ ಮಂಜು ಕಟ್ಟುವುದು ಸಹಜ. ಬೆಚ್ಚಗಿನ ಕೋಣೆಯಲ್ಲಿ, ಜಾಲರಿ ಶುಚಿಯಾಗಿದ್ದೂ ಮತ್ತೆ ಮತ್ತೆ ಕಟ್ಟಿದರೆ ಗ್ಯಾಸ್ ಕಡಿಮೆಯಾಗಿರುವ ಅನುಮಾನ. ಕಂಪ್ರೆಸರ್ ಗುಂಯ್‌ಗುಡುತ್ತಿದ್ದರೂ ಕಾಯಿಲ್ ತಣ್ಣಗಾಗದಿದ್ದರೆ ಅದೇ ಅನುಮಾನ. ಚಿಕ್ಕ ಯಂತ್ರವಾದರೆ ರಿಪೇರಿಗೆ ಒಪ್ಪುವ ಮುಂಚೆ ಹೊಸದರ ಬೆಲೆಯನ್ನೂ ವಿಚಾರಿಸಿ.