ಓದುಗರ ಪ್ರಶ್ನೆ: ಕೊರಿಯಾದಲ್ಲಿ ಮೈಗೊಪ್ಪುವ ಹಾಸಿಗೆ ಹೊದಿಕೆ ಕೊಳ್ಳುವುದು ಹೇಗೆ?

ಪ್ರಶ್ನೆ: ಪತಿಯ ಉದ್ಯೋಗದ ನಿಮಿತ್ತ ನಾವು ಈಚೆಗೆ ದಕ್ಷಿಣ ಕೊರಿಯಾದ ಸುವಾನ್ ನಗರಕ್ಕೆ ಬಂದಿದ್ದೇವೆ. ಬಾಡಿಗೆ ಮನೆಯಲ್ಲಿ ಮಾಲೀಕರೇ ಒದಗಿಸಿರುವ ಕ್ವೀನ್ ಅಳತೆಯ ಹಾಸಿಗೆ ಬಹಳ ಗಟ್ಟಿಯಾಗಿದೆ. ಮಗ್ಗುಲಾಗಿ ಮಲಗುವ ನನಗೆ ಬೆಳಗ್ಗೆ ಏಳುವಾಗ ಭುಜ, ಸೊಂಟ ಹಿಡಿದುಕೊಂಡಿರುತ್ತವೆ. ಊರಿನಿಂದ ತಂದ ಬೆಡ್‌ಶೀಟುಗಳು ಅಳತೆಗೆ ಹೊಂದುತ್ತಿಲ್ಲ, ರಜಾಯಿಯ ಒಳಗೆ ಹೊದೆಯುವ ಸಾದಾ ಬಟ್ಟೆಯೂ ಇಲ್ಲಿ ಸಿಗುತ್ತಿಲ್ಲ. ಚಳಿಗಾಲ ಬೇರೆ ಹತ್ತಿರವಾಗುತ್ತಿದೆ. ಹೊಸ ಹಾಸಿಗೆಯನ್ನೇ ಕೊಳ್ಳಬೇಕೆ? ಏನನ್ನು ನೋಡಿ, ಎಲ್ಲಿ ಕೊಳ್ಳಬೇಕು?
– ಓದುಗರೊಬ್ಬರು, ಸುವಾನ್

ಉತ್ತರ: ಸದ್ಯಕ್ಕೆ ಹೊಸ ಹಾಸಿಗೆ ಬೇಡ. ಈಗಿರುವುದು ಮಾಲೀಕರ ಸೊತ್ತಾದ್ದರಿಂದ ಅದನ್ನು ನೀವು ವಿಲೇವಾರಿ ಮಾಡುವಂತಿಲ್ಲ, ಎತ್ತಿಡಲು ಬಾಡಿಗೆ ಮನೆಯಲ್ಲಿ ಜಾಗವೂ ಇರುವುದಿಲ್ಲ. ಮೊದಲು ಹಾಸಿಗೆಯ ಮೇಲೆ ಒಂದು ಉದ್ದನೆಯ ಕೋಲನ್ನು ಅಡ್ಡವಾಗಿಟ್ಟು ನಡುಭಾಗ ತಗ್ಗಿದೆಯೇ ಎಂದು ನೋಡಿ. ತಗ್ಗಿದ್ದರೆ ಅದರ ಮೇಲೆ ಏನು ಹಾಸಿದರೂ ಅದೇ ತಗ್ಗಿಗೆ ಇಳಿಯುವುದರಿಂದ ಮಾಲೀಕರೊಡನೆ ಮಾತನಾಡಬೇಕಾಗುತ್ತದೆ. ಸಮತಟ್ಟಾಗಿದ್ದು ಬರಿಯ ಗಟ್ಟಿಯೇ ಆಗಿದ್ದರೆ ‘ಟಾಪರ್’ ಎಂದು ಮಾರುವ ಮೇಲುಪದರವೊಂದು ಸಾಕು.

ಕೊರಿಯಾದಲ್ಲಿ ಮನೆ ಬೆಚ್ಚಗಾಗುವುದು ನೆಲದಿಂದ. ಒಂದೊಲ್ ಎಂಬ ಈ ವ್ಯವಸ್ಥೆಯಲ್ಲಿ ಇಂದು ಬಾಯ್ಲರಿನ ಬಿಸಿನೀರು ನೆಲದಡಿಯ ಕೊಳವೆಗಳಲ್ಲಿ ಹರಿಯುತ್ತದೆ. ಬೆಚ್ಚನೆಯ ನೆಲದ ಮೇಲೆ ‘ಯೊ’ ಎಂಬ ತೆಳುವಾದ ಹಾಸಿಗೆ ಹಾಸಿ, ‘ಇಬುಲ್’ ಎಂಬ ರಜಾಯಿ ಹೊದ್ದು ಮಲಗುವುದು ಅಲ್ಲಿನ ಹಳೆಯ ರೂಢಿ. ಮಂಚ ಬಂದ ಮೇಲೂ ಗಟ್ಟಿ ಹಾಸಿಗೆಯನ್ನು ಮೆಚ್ಚುವವರು ಬಹಳ ಮಂದಿ ಇದ್ದಾರೆ. ಆದ್ದರಿಂದ ಅಂಗಡಿಯವರು ಮೆತ್ತಗಿದೆ ಎಂದು ಹೇಳಿದ್ದನ್ನು ಮಾತ್ರ ನಂಬಿ ಕೊಳ್ಳದೆ, ನೀವು ಮಲಗುವ ಭಂಗಿಯಲ್ಲೇ, ಮಗ್ಗುಲಾಗಿ, ಹತ್ತು ನಿಮಿಷವಾದರೂ ಮಲಗಿ ನೋಡಿ. ಭುಜ ಒಳಕ್ಕೆ ಕೂರಬೇಕು, ಸೊಂಟಕ್ಕೂ ಹಾಸಿಗೆಗೂ ನಡುವೆ ಅಂಗೈ ಸಲೀಸಾಗಿ ತೂರುವಷ್ಟು ಟೊಳ್ಳು ಉಳಿಯಬಾರದು. ಮಗ್ಗುಲಾಗಿ ಮಲಗುವವರಿಗೆ 5ರಿಂದ 8 ಸೆಂಟಿಮೀಟರ್ ದಪ್ಪದ ಟಾಪರ್ ಸಾಮಾನ್ಯವಾಗಿ ಹಿತವೆನಿಸುತ್ತದೆ. ದಿಂಬನ್ನೂ ಅದೇ ಹೊತ್ತಿನಲ್ಲಿ ನೋಡಿ, ಏಕೆಂದರೆ ಕಿವಿ ಮತ್ತು ಭುಜದ ನಡುವಿನ ಅಂತರವನ್ನು ತುಂಬದ ದಿಂಬಿನಿಂದಲೂ ಭುಜ ನೋಯುತ್ತದೆ.

ಟಾಪರಿನ ಆಯ್ಕೆಗೂ ಚಳಿಗಾಲಕ್ಕೂ ಇರುವ ಸಂಬಂಧವನ್ನು ದಯವಿಟ್ಟು ಗಂಭೀರವಾಗಿ ಪರಿಗಣಿಸಿ. ಮಂಚದ ಮೇಲೆ ಮಲಗಿದವರಿಗೆ ನೆಲದ ಬಿಸಿ ನೇರವಾಗಿ ತಾಗುವುದಿಲ್ಲ. ಅದಕ್ಕಾಗಿ ಅಲ್ಲಿನವರು ಹಾಸಿಗೆಯ ಮೇಲೆ ವಿದ್ಯುತ್ ಮ್ಯಾಟ್ ಅಥವಾ ಬಿಸಿನೀರು ಹರಿಯುವ ಮ್ಯಾಟ್ ಹಾಸಿಕೊಳ್ಳುತ್ತಾರೆ. ಟಾಪರುಗಳಲ್ಲಿ ಬಳಸುವ ಲೇಟೆಕ್ಸ್ (ರಬ್ಬರಿನ ಫೋಮ್) ಮತ್ತು ಮೆಮೊರಿ ಫೋಮ್ (ಒತ್ತಿದರೆ ಮೈಯ ಆಕಾರಕ್ಕೆ ತಗ್ಗುವ ಫೋಮ್) ಶಾಖವನ್ನು ಹೊರಬಿಡದೆ ಹಿಡಿದಿಡುವುದರಿಂದ ಅವುಗಳ ಮೇಲೆ ವಿದ್ಯುತ್ ಮ್ಯಾಟ್ ಹಾಕಿದರೆ ಬೆಂಕಿಯ ಅಪಾಯವಿದೆ. ಮೆಮೊರಿ ಫೋಮ್‌ಗೆ ಇನ್ನೊಂದು ಗುಣವೂ ಇದೆ: ತಣ್ಣಗಿರುವ ಕೋಣೆಯಲ್ಲಿ ಅದು ಬಿರುಸಾಗಿ, ಮೈಯ ಬಿಸಿ ತಾಗಿದ ಮೇಲೆ ನಿಧಾನವಾಗಿ ಮೆತ್ತಗಾಗುತ್ತದೆ. ಮ್ಯಾಟ್ ಬಳಸುವ ಯೋಚನೆಯಿದ್ದರೆ ಹತ್ತಿ ಅಥವಾ ಪಾಲಿಯೆಸ್ಟರ್ ತುಂಬಿದ ದಪ್ಪ ಟಾಪರನ್ನೇ ಆರಿಸಿ, ಮ್ಯಾಟ್ ಮೇಲೆ ಕೊರಿಯಾದ ಸುರಕ್ಷತಾ ಪ್ರಮಾಣೀಕರಣವಾದ ‘ಕೆಸಿ’ ಗುರುತು ಇದೆಯೇ ಎಂದು ಪರೀಕ್ಷಿಸಿ, ಅದರ ಜೊತೆಗೆ ಕೊಟ್ಟ ಸೂಚನೆಗಳನ್ನು ಮೊಬೈಲಿನಲ್ಲಿ ಅನುವಾದಿಸಿಕೊಂಡಾದರೂ ಓದಿ.

ಅಳತೆಯ ತೊಂದರೆ ಸುಲಭವಾಗಿ ಬಗೆಹರಿಯುತ್ತದೆ. ಕೊರಿಯಾದ ಕ್ವೀನ್ ಹಾಸಿಗೆ ಸಾಮಾನ್ಯವಾಗಿ 150 x 200 ಸೆಂಟಿಮೀಟರ್, ಸೂಪರ್ ಸಿಂಗಲ್ 110 x 200. ಸ್ಥಿತಿಸ್ಥಾಪಕ ಪಟ್ಟಿಯಿರುವ ಹಾಸಿಗೆ ಕವರು ಕೊಳ್ಳುವಾಗ ಹಾಸಿಗೆ ಮತ್ತು ಟಾಪರ್ ಎರಡರ ಎತ್ತರವನ್ನೂ ಕೂಡಿಸಿ ಹೇಳಬೇಕು, ಇಲ್ಲವಾದರೆ ಮೂಲೆಗಳು ರಾತ್ರಿಯೆಲ್ಲ ಕಳಚಿಕೊಳ್ಳುತ್ತವೆ. ರಜಾಯಿಯ ಒಳಗೆ ಪ್ರತ್ಯೇಕ ಬಟ್ಟೆ ಹೊದೆಯುವ ಪದ್ಧತಿ ಅಲ್ಲಿ ಕಡಿಮೆ. ಅದರ ಬದಲು ಜಿಪ್ ಇರುವ ಕವರಿನೊಳಗೆ ರಜಾಯಿಯನ್ನು ತೂರಿಸಿ, ಮೂಲೆಗಳಲ್ಲಿರುವ ಲಾಡಿಗಳನ್ನು ರಜಾಯಿಯ ಕುಣಿಕೆಗಳಿಗೆ ಕಟ್ಟುತ್ತಾರೆ. ಕವರನ್ನು ಮಾತ್ರ ತೆಗೆದು ಒಗೆದರೆ ಆಯಿತು. ಕವರಿನ ಗೊಡವೆಯೇ ಬೇಡವೆಂದರೆ ಹತ್ತಿಯನ್ನು ಬಟ್ಟೆಯೊಡನೆ ಸೇರಿಸಿಯೇ ಹೊಲಿದ ‘ಚಾರ್ಯೊಪ್ ಇಬುಲ್’ ಇದೆ, ಅದನ್ನು ಇಡಿಯಾಗಿ ಸ್ವಯಂಸೇವಾ ಲಾಂಡ್ರಿಯ ದೊಡ್ಡ ಯಂತ್ರದಲ್ಲಿ ತೊಳೆಯಬಹುದು. ಹತ್ತಿಬಟ್ಟೆಯ ಚೀಟಿಯಲ್ಲಿ 40, 60 ಎಂದಿರುವುದು ನೂಲಿನ ನಂಬರು. ಅದು ಹೆಚ್ಚಿದಷ್ಟೂ ನೂಲು ನಯ.

ನಿಮ್ಮ ಊರಿನಲ್ಲೇ ಪಲ್ದಲ್ಮುನ್ ಎಂಬ ಹಳೆಯ ಕೋಟೆ ಬಾಗಿಲಿನ ಬಳಿಯ ಯೊಂಗ್‌ದೊಂಗ್ ಮಾರುಕಟ್ಟೆ ಬಟ್ಟೆಗೆ ಹೆಸರಾದದ್ದು. ಬಗೆಬಗೆಯ ಹಾಸಿಗೆಗಳ ಮೇಲೆ ಮಲಗಿ ನೋಡಲು ಪಕ್ಕದ ಯೊಂಗಿನ್ ನಗರದಲ್ಲಿರುವ ಐಕಿಯಾದ ಗಿಹಂಗ್ ಮಳಿಗೆ ಅನುಕೂಲ. ಆಯ್ಕೆ ಇನ್ನೂ ವಿಸ್ತಾರವಾಗಿರಬೇಕೆಂದರೆ ಮೆಟ್ರೊ 1ನೇ ಮಾರ್ಗದಲ್ಲಿ ಸೋಲ್ ನಗರದ ದೊಂಗ್‌ದೆಮುನ್ ನಿಲ್ದಾಣಕ್ಕೆ ಹೋಗಿ. ಅಲ್ಲಿನ ಜೊಂಗ್‌ಹಾಪ್ ಮಾರುಕಟ್ಟೆಯಲ್ಲಿ ಹಾಸಿಗೆ ಹೊದಿಕೆಗಳ ಅಂಗಡಿಗಳು ಒತ್ತಾಗಿವೆ. ಭಾನುವಾರ ಆ ಮಾರುಕಟ್ಟೆಗೆ ರಜೆ. ಆನ್‌ಲೈನ್ ಖರೀದಿಯಲ್ಲಿ ಸರಕು ಕೈಸೇರಿದ 7 ದಿನಗಳೊಳಗೆ ಹಿಂತಿರುಗಿಸುವ ಹಕ್ಕನ್ನು ಅಲ್ಲಿನ ಕಾನೂನು ಕೊಡುತ್ತದೆಯಾದರೂ, ಗಾಳಿ ತೆಗೆದು ಸುರುಳಿ ಸುತ್ತಿ ಕಳಿಸುವ ಟಾಪರನ್ನು ಒಮ್ಮೆ ಬಿಚ್ಚಿದರೆ ಅದು ಉಬ್ಬಿಕೊಳ್ಳುವುದರಿಂದ ಮಾರಾಟಗಾರರು ಮರಳಿ ಪಡೆಯಲು ಒಪ್ಪದಿರಬಹುದು. ಹೀಗಾಗಿ ಟಾಪರನ್ನು ಕಣ್ಣಾರೆ ನೋಡಿ ಕೊಂಡು, ಕವರುಗಳನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಿಕೊಳ್ಳುವುದು ಕ್ಷೇಮ.

ಯಾರೋ ಬಳಸಿದ ಹಾಸಿಗೆಯನ್ನು ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳಬೇಡಿ. ಮೊನಾಜೈಟ್ ಎಂಬ ವಿಕಿರಣಶೀಲ ಖನಿಜದ ಪುಡಿ ಬಳಸಿ ತಯಾರಿಸಿದ ಕೆಲವು ಹಾಸಿಗೆಗಳಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಹೊರಬರುತ್ತಿರುವುದು 2018ರಲ್ಲಿ ಪತ್ತೆಯಾಗಿ ಅವುಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಮುಂದೆ ಮನೆ ಬಿಡುವಾಗ ನಿಮ್ಮ ಟಾಪರನ್ನು ಬೀದಿಯಲ್ಲಿ ಬಿಡುವಂತಿಲ್ಲ. ದೊಡ್ಡ ಗಾತ್ರದ ಕಸವೆಂದು ಸ್ಥಳೀಯ ಆಡಳಿತಕ್ಕೆ ತಿಳಿಸಿ, ಶುಲ್ಕ ಕಟ್ಟಿ, ಅವರು ಕೊಡುವ ಚೀಟಿಯನ್ನು ಅಂಟಿಸಿ, ಗೊತ್ತುಪಡಿಸಿದ ಸ್ಥಳದಲ್ಲಿಡಬೇಕು.