ಬೆಂಚಿಗೆ ಬಂದ ಮೇಲೆ ಕೆಟ್ಟ ನಿದ್ದೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಇವರಿಗೆ 41 ವರ್ಷ. ಬೆಂಗಳೂರಿನ ದೊಡ್ಡ, ಹಳೆಯ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಸೇರಿದವರು, 18 ವರ್ಷದಿಂದ ಅಲ್ಲೇ ಇದ್ದಾರೆ. ನನ್ನ ಬಳಿ ಬಂದದ್ದು ನಿದ್ದೆಯಿಲ್ಲವೆಂದು. ರಾತ್ರಿ ಮೂರಕ್ಕೆ ಎಚ್ಚರವಾಗಿ ಎದೆ ಡವಡವ ಎನ್ನುತ್ತದೆ. ಆಮೇಲೆ ಫೋನಿನಲ್ಲಿ ಲೇಆಫ್ ಸುದ್ದಿ ಓದುತ್ತಲೇ ಬೆಳಗಾಗುತ್ತದೆ. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಿದ್ದವು.

ವಿದೇಶಿ ಬ್ಯಾಂಕೊಂದರ ಮೇನ್‌ಫ್ರೇಮ್, ಅಂದರೆ ಭಾರೀ ಲೆಕ್ಕ ನಡೆಸುವ ದೊಡ್ಡ ಕಂಪ್ಯೂಟರಿನ ಕೆಲಸ ಇವರದು. 1959ರಲ್ಲಿ ರೂಪುಗೊಂಡ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯಲ್ಲೇ ಇವತ್ತಿಗೂ ಎಷ್ಟೋ ಬ್ಯಾಂಕುಗಳ ರಾತ್ರಿಯ ಲೆಕ್ಕ ಓಡುತ್ತದೆ. ಆ ಪ್ರಾಜೆಕ್ಟ್ ಮುಗಿದು ಇವರು ಬೆಂಚಿಗೆ ಬಂದಿದ್ದರು: ಸಂಬಳ ಬರುತ್ತದೆ, ಕೆಲಸವಿಲ್ಲ. ಮನೆಯಲ್ಲಿ ಹೇಳಿರಲಿಲ್ಲ. ದಿನಾ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು ಹೋಗಿ, ಕೆಫೆಟೇರಿಯಾದಲ್ಲಿ ಕೂತು, ಸಂಜೆ ಏಳಕ್ಕೆ ವಾಪಸ್. ಹೆಂಡತಿ "ಹೇಗಿತ್ರೀ ಇವತ್ತು?" ಅಂದರೆ "ಕಾಲ್ ಮೇಲೆ ಕಾಲ್" ಅನ್ನುವುದು.

ನನಗೆ ಕೆಲಸದ ಚಿಂತೆಗಿಂತ ಈ ಮುಚ್ಚಿಡುವಿಕೆಯೇ ಇವರನ್ನು ಹೆಚ್ಚು ಹಣ್ಣು ಮಾಡಿದೆ ಅನ್ನಿಸಿತು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಈ ಪ್ರಶ್ನೆ ಕೇಳಲು ಸಂಕೋಚಪಡಬಾರದು.

"ಕೆಲಸ ಹೋದ ಮರುದಿನವೇ ಬೀದಿಗೆ ಬೀಳ್ತೀವಿ ಮೇಡಂ" ಎಂದರು. ಪೆನ್ನು, ಹಾಳೆ ಕೊಟ್ಟೆ. ಗ್ರಾಚ್ಯುಟಿ ಎಂದರೆ ಕೆಲಸ ಬಿಡುವಾಗ ಸೇವೆಗಾಗಿ ಕಂಪನಿ ಕೊಡುವ ಹಣ. ಅದರ ಸ್ಥೂಲ ಲೆಕ್ಕ: ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸುವುದು. ಮೂಲ ವೇತನ 60,000. 18 ವರ್ಷಕ್ಕೆ ಸುಮಾರು 6.23 ಲಕ್ಷ. ಬ್ಯಾಂಕಿನಲ್ಲಿ 4 ಲಕ್ಷ. ಮನೆ ಸಾಲದ ಕಂತೂ ಸೇರಿ ತಿಂಗಳ ಖರ್ಚು 1.05 ಲಕ್ಷ. ಪಿಎಫ್ ಮುಟ್ಟದೆ ಒಂಬತ್ತು ತಿಂಗಳಿಗೂ ಹೆಚ್ಚು ಸಂಸಾರ ನಡೆಯುತ್ತದೆ. ಇಷ್ಟು ವರ್ಷ ಬೇರೆಯವರ ಬ್ಯಾಂಕಿನ ಲೆಕ್ಕ ನೋಡಿಕೊಂಡವರು ತಮ್ಮ ಮನೆಯ ಲೆಕ್ಕ ಹಾಕಿರಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಆ ಹಾಳೆ ಹಿಡಿದೇ ಹೆಂಡತಿಯ ಜೊತೆ ಮಾತಾಡಿ ಎಂದೆ. ಮಾತಾಡಿದರು. ಆಕೆಗೆ ಸಿಟ್ಟು ಬಂತು, ಕೆಲಸದ ವಿಷಯಕ್ಕಲ್ಲ, ಸುಳ್ಳಿಗೆ. ಎರಡು ದಿನ ಮಾತು ಬಿಟ್ಟರು. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬಂದರು.

ಕಚೇರಿಯ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳಿದ್ದು: ಹೆದರಿಕೊಂಡು ರಾಜೀನಾಮೆ ಕೊಡಬೇಡಿ. ಎಚ್‌ಆರ್ ಕರೆದು ಸಹಿ ಕೇಳಿದರೆ ಅವತ್ತೇ ಹಾಕಬೇಡಿ. ಷರತ್ತುಗಳನ್ನು ಇಮೇಲ್‌ನಲ್ಲಿ ಕೇಳಿ, ಓದಲು ಸಮಯ ಕೇಳಿ, ತಿಳಿದವರಿಗೆ ತೋರಿಸಿ. ಹೊಸ ಹುಡುಗರಿಗೆ ಗೊತ್ತಿಲ್ಲದ್ದು ನಿಮಗೇನು ಗೊತ್ತು ಎಂದು ಕೇಳಿದಾಗ ಮೊದಲ ಬಾರಿ ಉತ್ಸಾಹದಿಂದ ಮಾತಾಡಿದರು. ಹಳೆಯ ವ್ಯವಸ್ಥೆಯನ್ನು ಕ್ಲೌಡಿಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಕಂಪ್ಯೂಟರ್‌ಗಳಿಗೆ, ಸಾಗಿಸುವಾಗ ಹಳೆಯ ಕೋಡ್ ಓದಿ ಅರ್ಥ ಹೇಳುವವರು ಬೇಕಂತೆ. ಅದನ್ನೇ ಬರೆದು ಮ್ಯಾನೇಜರ್‌ಗೆ ಕಳಿಸಿ ಎಂದೆ.

ನಿದ್ದೆಗೆ: ಫೋನ್ ಮಲಗುವ ಕೋಣೆಯ ಹೊರಗೆ. ಎಚ್ಚರವಾದರೆ ಹೊರಳಾಡದೆ ಎದ್ದು ಕೂರುವುದು. ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಅಪರಾತ್ರಿಯಲ್ಲಿ ತಾಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416; ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಈಗ ಕಂಪನಿಯೊಳಗೇ ಒಂದು ಪ್ರಾಜೆಕ್ಟಿಗೆ ಸಂದರ್ಶನವಾಗಿದೆ, ಉತ್ತರ ಬಂದಿಲ್ಲ. ನಿದ್ದೆ ಬೆಳಗಿನ ಐದರವರೆಗೆ ಬರುತ್ತಿದೆ. ತಿಪಟೂರಿನಲ್ಲಿರುವ ಅಮ್ಮನಿಗೆ ಇನ್ನೂ ಹೇಳಿಲ್ಲ, ನಾನೂ ಒತ್ತಾಯಿಸಿಲ್ಲ.