ಥೋರ್‌ನ ಹೆಸರು ಉಳಿದ ವಾರ, ಅಳಿದ ವಾರ

ಐಸ್‌ಲ್ಯಾಂಡಿಕ್ ಮತ್ತು ಫೆರೋ ದ್ವೀಪಗಳ ಫೆರೋಯಿ ಭಾಷೆಗಳೆರಡೂ ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನಿಂದಲೇ ಹುಟ್ಟಿದ್ದರೂ ವಾರದ ಹೆಸರುಗಳಲ್ಲಿ ಒಂದು ಭಾಷೆ ಹಳೆಯ ದೇವತೆಗಳನ್ನು ಉಳಿಸಿಕೊಂಡು ಇನ್ನೊಂದು ಕೈಬಿಟ್ಟದ್ದೇಕೆ, ಇದಕ್ಕೆ ಒಬ್ಬ ಬಿಷಪ್‌ನ ಆಜ್ಞೆಯೇ ಕಾರಣವೆಂಬುದು ನಿಜವೇ ಎಂದು ಓದುಗರೊಬ್ಬರು ಪತ್ರ ಬರೆದು ಕೇಳಿದ್ದಾರೆ.

ನಮ್ಮ ಮಂಗಳ, ಬುಧ, ಗುರು, ಶುಕ್ರವಾರಗಳ ಹಿಂದಿರುವ ಗ್ರಹಗಳ ಕ್ರಮವೇ ರೋಮನ್ನರ ವಾರದಲ್ಲೂ ಇತ್ತು. ಅದನ್ನು ಸ್ವೀಕರಿಸಿದ ಜರ್ಮಾನಿಕ್ ಜನರು ಆ ಗ್ರಹದೇವತೆಗಳ ಜಾಗದಲ್ಲಿ ಕ್ರಮವಾಗಿ ತಮ್ಮ ತ್ಯೂರ್, ಓದಿನ್, ಥೋರ್ ಮತ್ತು ಫ್ರಿಗ್ಗ್‌ರನ್ನು ಕೂರಿಸಿದರು. ಐಸ್‌ಲ್ಯಾಂಡಿನಲ್ಲಿ ಈ ನಾಲ್ಕೂ ಹೆಸರುಗಳು ಮರೆಯಾಗಿ, ಮಂಗಳವಾರಕ್ಕೆ ‘ಮೂರನೆಯ ದಿನ’, ಬುಧವಾರಕ್ಕೆ ‘ನಡುವಾರದ ದಿನ’, ಗುರುವಾರಕ್ಕೆ ‘ಐದನೆಯ ದಿನ’, ಶುಕ್ರವಾರಕ್ಕೆ ‘ಉಪವಾಸದ ದಿನ’ ಎಂಬ ಅರ್ಥದ ಹೆಸರುಗಳು ಬಂದವು. ಎಣಿಕೆ ಭಾನುವಾರದಿಂದ ಆರಂಭವಾಗುತ್ತದೆ.

1106ರಲ್ಲಿ ಉತ್ತರ ಐಸ್‌ಲ್ಯಾಂಡಿನ ಹೋಲಾರ್‌ನ ಮೊದಲ ಬಿಷಪ್ ಆದ ಯೋನ್ ಓಗ್ಮುಂಡ್‌ಸನ್ ದೇವತೆಗಳ ಹೆಸರಿನಿಂದ ದಿನಗಳನ್ನು ಕರೆಯಬಾರದೆಂದು ವಿಧಿಸಿದರೆಂದು ಅವರ ಚರಿತ್ರೆಯಾದ ಸಾಗಾ ಹೇಳುತ್ತದೆ. ಆದರೆ ಅದು ಅವರು ಸಂತರೆಂದು ಪೂಜಿತರಾದ ಕಾಲದಲ್ಲಿ, ಅಂದರೆ ಅವರು ತೀರಿಕೊಂಡು ಸುಮಾರು ಎಂಬತ್ತು ವರ್ಷಗಳ ಬಳಿಕ ರಚಿತವಾದದ್ದು. ಸಂತನ ಮಹಿಮೆಯನ್ನು ಸಾರುವುದೇ ಅದರ ಉದ್ದೇಶ. ವಿಗ್ರಹಾರಾಧನೆಯ ಭಯವೊಂದೇ ಕಾರಣವಾಗಿದ್ದರೆ ಥೋರ್‌ನ ಹೆಸರನ್ನು ಒಳಗೊಂಡ ಥೋರುನ್, ಥೋರ್‌ಸ್ಟೈನ್‌ನಂತಹ ಹೆಸರುಗಳನ್ನು ಐಸ್‌ಲ್ಯಾಂಡಿನವರು ಇಂದಿಗೂ ಮಕ್ಕಳಿಗೆ ಇಡುತ್ತಿರಲಿಲ್ಲ. ಮಂಗಳ, ಗುರುವಾರಗಳನ್ನು ಸಂಖ್ಯೆಯಿಂದ ಕರೆಯುವ ಲ್ಯಾಟಿನ್ ಚರ್ಚಿನ ಪದ್ಧತಿಯೂ, ಜರ್ಮನ್ ಭಾಷೆಯಲ್ಲೂ ಕಾಣುವ ‘ನಡುವಾರ’ವೂ ಇಲ್ಲಿ ಬೆರೆತಿರುವುದನ್ನು ನೋಡಿದರೆ, ಬಿಷಪ್‌ನ ಮಾತು ನೆಲೆನಿಂತದ್ದು ಅದರ ಹಿಂದೆ ಇಡೀ ಚರ್ಚಿನ ಬರವಣಿಗೆಯ ರೂಢಿ ಇದ್ದುದರಿಂದಲೇ ಎಂಬುದು ನಮ್ಮ ಅಭಿಪ್ರಾಯ.

ಶನಿವಾರಕ್ಕೆ ಈ ತಂಟೆಯೇ ಇರಲಿಲ್ಲ. ಅದು ಎರಡೂ ಭಾಷೆಗಳಲ್ಲಿ ಮೊದಲಿನಿಂದಲೂ ‘ಸ್ನಾನದ ದಿನ’.

ಫೆರೋ ದ್ವೀಪಗಳು ಹೋಲಾರ್‌ನ ಆಡಳಿತಕ್ಕೆ ಒಳಪಟ್ಟಿರಲಿಲ್ಲ, ಅಲ್ಲಿ ಕಿರ್ಕ್ಯುಬೋ ಎಂಬಲ್ಲಿ ಬೇರೆಯೇ ಬಿಷಪ್ ಪೀಠವಿತ್ತು. ಅಲ್ಲಿ ತ್ಯೂರ್ ಮಂಗಳವಾರದಲ್ಲಿಯೂ ಫ್ರಿಗ್ಗ್ ಶುಕ್ರವಾರದಲ್ಲಿಯೂ ಸ್ಪಷ್ಟವಾಗಿ ಉಳಿದಿದ್ದಾರೆ. ಗುರುವಾರದ ‘ಹೋಸ್‌ದಾಗುರ್’ ನೋಡುವುದಕ್ಕೆ ಬೇರೆಯೇ ಶಬ್ದವೆನಿಸಿದರೂ ಅದರೊಳಗಿರುವವನು ಥೋರ್‌ನೇ: ಐಸ್‌ಲ್ಯಾಂಡಿಕ್‌ನಲ್ಲಿ ‘ಇದು’ ಎಂಬರ್ಥದ ‘ಥೆತ್ತಾ’ ಫೆರೋಯಿಯಲ್ಲಿ ‘ಹೆತ್ತಾ’ ಆದಂತೆ ಇಲ್ಲಿಯೂ ಥಕಾರವು ಹಕಾರವಾಗಿದೆ, ರೇಫವು ಬಿದ್ದುಹೋಗಿದೆ. ಬುಧವಾರವು ಮಾತ್ರ ಫೆರೋಯಿಯಲ್ಲಿಯೂ ನಡುವಾರದಿಂದ ಸವೆದು ‘ಮಿಕುದಾಗುರ್’ ಆಯಿತು. ಆದರೂ ದಕ್ಷಿಣದ ತುದಿಯ ಸುದುರೋಯ್ ದ್ವೀಪದ ಆಡುಮಾತಿನಲ್ಲಿ ‘ಓನ್ಸ್‌ದಾಗುರ್’ ಎಂಬ ಓದಿನ್‌ನ ದಿನವೂ, ಹಕಾರಕ್ಕೆ ತಿರುಗದ ‘ತೋರ್ಸ್‌ದಾಗುರ್’ ಕೂಡ ಉಳಿದುಕೊಂಡಿವೆ.